ದೃಷ್ಟಿ ಬೀಳದ ಕಡೆ



ಮಹಾನವಮಿಯ ಆಯುಧಪೂಜೆಯಂದು ನಮ್ಮ ಮಲೆನಾಡಿನ ಅಂಗಳಗಳಲ್ಲಿ ವಾಹನಗಳು ಹಸೆಗೇರುವ ವರನಂತೆ ಶೃಂಗಾರಗೊಂಡು ನಿಲ್ಲುತ್ತವೆ. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ, ಎರಡೂ ಬದಿಗೆ ಬಾಳೆಕಂದು, ಮುಂಭಾಗಕ್ಕೆ ಸೇವಂತಿಗೆಯ ಮಾಲೆ, ಚಕ್ರದಡಿಗೆ ನಿಂಬೆಹಣ್ಣು. ಭಕ್ತರ ಕರೆಗೆ ಓಗೊಟ್ಟು ನಾವೂ ಇಂತಹ ಎಷ್ಟೋ ಪೂಜೆಗಳಲ್ಲಿ ಪಾಲ್ಗೊಂಡಿದ್ದೇವೆ. ಆದರೆ ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಬಗ್ಗಿ ವಾಹನದ ತಳವನ್ನು ನೋಡಿದವರಲ್ಲ. ಈ ಸಂಚಿಕೆಯಲ್ಲಿ ನಮ್ಮ ಮಾತು ಆ ತಳವನ್ನು ಕುರಿತದ್ದು. ಶರಣರ ವಿಚಾರ ಬರೆಯುವ ಪುಟದಲ್ಲಿ ಕಾರಿನ ತುಕ್ಕಿನ ಪ್ರಸ್ತಾಪವೇಕೆ ಎಂದು ಯಾರಿಗಾದರೂ ಅನಿಸಿದರೆ ತಪ್ಪಲ್ಲ. ಒಂದು ಕುಟುಂಬದ ಪ್ರಾಣಕ್ಕೆ ಎರವಾಗಬಹುದಾಗಿದ್ದ ಸಂಗತಿ ಇದು, ಅದರಲ್ಲಿ ನಮ್ಮ ಅಜ್ಞಾನದ ಪಾಲೂ ಇದ್ದಿತು. ಆದುದರಿಂದ ಹೇಳದೆ ಇರುವಂತಿಲ್ಲ.

ಹೊಸನಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ಆ ಮನೆಯ ಹಿರಿಯರು 1970ರ ದಶಕದಲ್ಲಿ ಒಂದು ಅಂಬಾಸಿಡರ್ ಕಾರನ್ನು ಕೊಂಡಿದ್ದರು. ಕೆಳದಿ, ಇಕ್ಕೇರಿ, ನಗರದ ಕೋಟೆ, ತೀರ್ಥಹಳ್ಳಿ ಕಡೆಯ ಕವಲೇದುರ್ಗ ಎಂದು ಬಂಧುಬಳಗವನ್ನೆಲ್ಲ ಹೊತ್ತು ತಿರುಗಿದ ಕಾರು ಅದು. ಮಠಕ್ಕೆ ಬರುವ ಗುರುಗಳನ್ನು ಕರೆತರಲೂ ಅದೇ ಹೋಗುತ್ತಿತ್ತು. ಹಿರಿಯರು ಲಿಂಗೈಕ್ಯರಾದ ಮೇಲೆ ಬಹುಕಾಲ ಅದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಧೂಳು ಹಿಡಿದು ನಿಂತಿತ್ತು. ಕೆಲವು ವರ್ಷಗಳ ಹಿಂದೆ ಮಗನಿಗೆ, ಈಗ ಅವರೂ ಮೊಮ್ಮಕ್ಕಳನ್ನು ಕಂಡವರು, ಅಪ್ಪನ ನೆನಪನ್ನು ಜೀರ್ಣೋದ್ಧಾರ ಮಾಡಬೇಕೆಂಬ ಮನಸ್ಸಾಯಿತು. ದೂರದ ನಗರದ ಒಂದು ಕಾರ್ಯಾಗಾರದಲ್ಲಿ ತಿಂಗಳುಗಟ್ಟಲೆ ಕೆಲಸ ನಡೆದು ಕಾರು ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂದಿತು. ಪೂಜೆ ನಮ್ಮ ಕೈಯಿಂದಲೇ ಆಯಿತು.

ಅಂದು ಊಟದ ಪಂಕ್ತಿಯಲ್ಲಿ ಗೌಡರು ಕೇಳಿದರು: “ಅಯ್ನೋರೇ, ಇನ್ನೇನು ಮಳೆ ಹಿಡೀತದೆ. ಅಡಿಗೆ ತುಕ್ಕು ಬರದ ಹಾಗೆ ಏನು ಮಾಡಬಹುದು?” ನಾವು ಬಾಲ್ಯದಲ್ಲಿ ಮಠದ ಎತ್ತಿನ ಗಾಡಿಯ ಅಚ್ಚಿಗೆ ಎಣ್ಣೆ ಹಚ್ಚುತ್ತಿದ್ದುದನ್ನು ನೆನೆದು, “ಎಂಜಿನ್ನಿನಿಂದ ತೆಗೆದ ಹಳೆ ಎಣ್ಣೆ ಇರುತ್ತದಲ್ಲ, ಅದನ್ನೇ ಬಳಿಸಿರಿ” ಎಂದೆವು. ತಿಳಿಯದ ವಿಷಯದಲ್ಲಿ ಮಾತನಾಡಬಾರದೆಂಬ ಗುರುವಾಕ್ಯ ಆ ಹೊತ್ತಿಗೆ ಮರೆತುಹೋಗಿತ್ತು.

ಎರಡು ಮಳೆಗಾಲ ಕಳೆಯಿತು. ಒಂದು ದಿನ ಕುಂದಾಪುರದ ಕಡೆಗೆ ಹೊರಡಲೆಂದು ಗೌಡರು ಮೊಮ್ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕಾರನ್ನು ಅಂಗಳದಿಂದ ತಿರುಗಿಸುತ್ತಿದ್ದರು. ಬ್ರೇಕ್ ಒತ್ತಿದರೆ ಪೆಡಲು ನೆಲಕ್ಕೆ ಹೋಯಿತು. ಕಾರು ನಿಧಾನವಾಗಿದ್ದುದರಿಂದ ಅಡಿಕೆ ಒಣಗಿಸುವ ಅಟ್ಟದ ಕಂಬಕ್ಕೆ ತಾಗಿ ನಿಂತಿತು. ಅರ್ಧ ಗಂಟೆಯ ಅನಂತರವಾಗಿದ್ದರೆ ಅದು ಹುಲಿಕಲ್ ಘಾಟಿಯ ತಿರುವಿನಲ್ಲಿ ಆಗುತ್ತಿತ್ತು. ಕೆಳಗಿಳಿದು ಚಾಲಕನ ಕಾಲಡಿಯ ಹಾಸನ್ನು ಎತ್ತಿದರೆ ತಗಡಿನ ಜಾಗದಲ್ಲಿ ಅಂಗಳದ ಮಣ್ಣು ಕಾಣುತ್ತಿತ್ತು.

ಗೌಡರು ನಮ್ಮಲ್ಲಿಗೆ ಬಂದಾಗ ಅವರ ಮುಖದಲ್ಲಿ ಇನ್ನೂ ನಡುಕವಿತ್ತು. “ಯಾರ ದೃಷ್ಟಿ ತಾಗಿತೋ ಏನೋ ಅಯ್ನೋರೇ, ಇನ್ನೊಂದು ಪೂಜೆ ಮಾಡಿಸಿಕೊಡಬೇಕು” ಎಂದರು. “ಗೌಡರೇ, ದೃಷ್ಟಿ ತಾಗಿ ಆದದ್ದಲ್ಲ ಇದು. ನಿಮ್ಮ ದೃಷ್ಟಿಯೂ ನಮ್ಮ ದೃಷ್ಟಿಯೂ ಅಲ್ಲಿ ಬೀಳದೆ ಆದದ್ದು” ಎಂದೆವು. ಹಾಗೆಂದ ಮೇಲೆ ಆ ತಳವನ್ನು ನೋಡುವುದು ನಮ್ಮ ಕರ್ತವ್ಯವಾಯಿತು. ಸಾಗರದ ಒಬ್ಬ ವಯೋವೃದ್ಧ ಮೇಸ್ತ್ರಿಗಳು ಬಂದು ಕಾರನ್ನು ಎತ್ತರಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋದರು. ಗಟ್ಟಿ ತಗಡು ಟಣ್ಣೆಂದಿತು. ಸತ್ತ ತಗಡು ಹಲಗೆಯಂತೆ ಮಂಕಾಗಿ ಸದ್ದು ಮಾಡಿತು. ಅವರು ಅಂದು ತೋರಿಸಿಕೊಟ್ಟುದನ್ನೂ, ಅನಂತರ ನಾವು ಓದಿ ಕೇಳಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲಿಗೆ ಒಂದು ಸಂದೇಹ. ಇದೇ ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಎತ್ತರದ ಕಬ್ಬಿಣದ ಕಂಬವಿದೆ. ಗಿರಿಯನ್ನೇರಿದವರೆಲ್ಲ ಅದನ್ನು ಕಂಡಿರುತ್ತಾರೆ. ಬಯಲಿನಲ್ಲಿ, ಮಲೆನಾಡಿನ ಮಳೆಯಲ್ಲಿ, ಮಾಡಿನ ಆಸರೆಯಿಲ್ಲದೆ ಅದು ತಲೆಮಾರುಗಳಿಂದ ನಿಂತಿದೆ. ದೆಹಲಿಯ ಮೆಹ್ರೌಲಿಯಲ್ಲಿರುವ ಗುಪ್ತರ ಕಾಲದ ಕಬ್ಬಿಣದ ಸ್ತಂಭವಂತೂ ಸುಮಾರು 1600 ವರ್ಷಗಳಷ್ಟು ಹಳೆಯದು. ಹಾಗಿದ್ದರೆ ಗೌಡರ ಕಾರು ಎರಡೇ ಮಳೆಗಾಲಕ್ಕೆ ತೂತಾದುದೇಕೆ?

ದೆಹಲಿಯ ಸ್ತಂಭದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಾಪದರವೊಂದು ಮೂಡಿದೆಯೆಂದು ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಆರ್. ಬಾಲಸುಬ್ರಮಣ್ಯಂ ಅವರು ಸಂಶೋಧಿಸಿ ವಿವರಿಸಿದರು. ಆ ರಸಾಯನದ ಮಾತು ಹಾಗಿರಲಿ. ಕಂಬಕ್ಕೂ ಕಾರಿಗೂ ಇರುವ ಇನ್ನೊಂದು ವ್ಯತ್ಯಾಸ ಬರಿಗಣ್ಣಿಗೇ ಕಾಣುವಂಥದು. ಕಂಬ ಗಟ್ಟಿಯಾದ ಕಬ್ಬಿಣ, ಕಾರಿನ ತಳ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ ತಗಡು. ಕಂಬದ ಮೇಲೆ ಬಿದ್ದ ನೀರು ಜಾರಿಹೋಗುತ್ತದೆ, ಗಾಳಿ ಅದನ್ನು ಒಣಗಿಸುತ್ತದೆ. ಕಾರಿನ ತಳದಲ್ಲಿ ಮಡಿಕೆಗಳಿವೆ, ಕೀಲುಗಳಿವೆ, ಟೊಳ್ಳುಗಳಿವೆ. ಅಲ್ಲಿ ಸೇರಿದ ಕೆಸರು ವಾರಗಟ್ಟಲೆ ಒದ್ದೆಯಾಗಿಯೇ ಕುಳಿತಿರುತ್ತದೆ. ಸುರಿಯುವ ನೀರಿಗಿಂತ ನಿಲ್ಲುವ ನೀರೇ ಕಬ್ಬಿಣಕ್ಕೆ ಮೃತ್ಯು.

ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಈ ಮೂರೂ ಒಂದೆಡೆ ಕೂಡಿದಾಗ ತುಕ್ಕು ಹುಟ್ಟುತ್ತದೆ. ನೀರಿನಲ್ಲಿ ಉಪ್ಪು ಬೆರೆತಿದ್ದರೆ ಈ ಕ್ರಿಯೆ ತೀವ್ರವಾಗುತ್ತದೆ. ಮಳೆಯೇ ಬೀಳಬೇಕೆಂದಿಲ್ಲ, ಗಾಳಿಯ ತೇವಾಂಶ ಶೇಕಡಾ 60ನ್ನು ಮೀರಿದರೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂಡುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಾಗಲಿ, ಅದಕ್ಕೆ ಸರಿಸಾಟಿಯಾದ ಹೊಸನಗರದ ಹುಲಿಕಲ್ಲಿನಲ್ಲಾಗಲಿ ಮಳೆಗಾಲದ ನಾಲ್ಕು ತಿಂಗಳೂ ಕಬ್ಬಿಣಕ್ಕೆ ಬಿಡುವಿಲ್ಲ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ; ಆದುದರಿಂದ ಉಬ್ಬಿ, ಮೇಲಿನ ಬಣ್ಣವನ್ನು ಎತ್ತಿ, ಒಳಗೆ ಮತ್ತಷ್ಟು ನೀರಿಗೆ ದಾರಿ ಮಾಡಿಕೊಡುತ್ತದೆ.

ಜೀಪಿನಂತಹ ವಾಹನಗಳಿಗೆ ಏಣಿಯಂತೆ ಪ್ರತ್ಯೇಕವಾದ ಚಾಸಿ ಇರುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಅನುಸರಿಸಿ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರಿಗೆ ಹಾಗಿಲ್ಲ; ಫಿಯೆಟ್ ಮೂಲದ ಪ್ರೀಮಿಯರ್ ಪದ್ಮಿನಿಗೂ ಇಲ್ಲ. ಅವುಗಳ ತಗಡಿನ ಮೈಯೇ ಅವುಗಳ ಎಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಟೊಳ್ಳು ತೊಲೆ ಒಳಗಿನಿಂದ ಗೆದ್ದಲು ತಿಂದ ತೊಲೆಯಂತಾದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಜಾಕ್ ಕೊಟ್ಟರೆ ಕುಸಿಯುತ್ತದೆ, ಅಪಘಾತದಲ್ಲಿ ಒಳಗಿನವರಿಗೆ ಆಸರೆಯಾಗುವುದಿಲ್ಲ.

ಇನ್ನು ನಮ್ಮ ಸೀಮೆಗೇ ವಿಶೇಷವಾದ ಕೆಲವು ಶತ್ರುಗಳಿವೆ. ತೋಟದ ಮನೆಗಳಲ್ಲಿ ಕೊಳೆರೋಗದ ಔಷಧಿಗೆ ಬೇಕಾದ ಮೈಲುತುತ್ತವನ್ನು ಕಾರಿನ ಡಿಕ್ಕಿಯಲ್ಲೇ ತರುವುದುಂಟು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಬೋರ್ಡೋ ದ್ರಾವಣದ ಲೆಕ್ಕ ನಮ್ಮ ಬೆಳೆಗಾರರಿಗೆ ಬಾಯಿಪಾಠ. ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿದ ಚೂರಿಯನ್ನು ಅದರಲ್ಲಿ ಅದ್ದುತ್ತಾರೆ. ಅಲಗಿಗೆ ಕೆಂಪು ಲೇಪ ಕೂಡಿದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ತಾಮ್ರ. ಅದು ಕೂಡುವಾಗ ಅಷ್ಟು ಕಬ್ಬಿಣ ಕರಗಿಹೋಗಿರುತ್ತದೆ. ಡಿಕ್ಕಿಯಲ್ಲಿ ಚೆಲ್ಲಿದ ಮೈಲುತುತ್ತ ಒದ್ದೆಯಾದಾಗ ತಗಡಿಗೆ ಮಾಡುವುದೂ ಅದನ್ನೇ. ಪೊಟ್ಯಾಷ್ ಗೊಬ್ಬರವೂ ಉಪ್ಪಿನ ಜಾತಿಯದೇ. ಘಾಟಿ ಇಳಿದು ಕಡಲ ತೀರದವರೆಗೆ ಹೋಗಿ ಬಂದರೆ ಉಪ್ಪಿನ ಗಾಳಿ, ಉಪ್ಪಿನ ಮರಳು ತಳಕ್ಕೆ ಅಂಟಿಕೊಂಡೇ ಮನೆಗೆ ಬರುತ್ತದೆ.

ಗೌಡರ ಕಾರಿನಲ್ಲಿ ಆದ ತಪ್ಪುಗಳು ಎರಡು. ಕಾರ್ಯಾಗಾರದವರು ಹಳೆಯ ತುಕ್ಕನ್ನೂ ಮಣ್ಣನ್ನೂ ಪೂರ್ತಿ ತೆಗೆಯದೆ ಅದರ ಮೇಲೆಯೇ ಡಾಂಬರಿನಂತಹ ದಪ್ಪ ಕಪ್ಪು ಲೇಪವನ್ನು ಹೊಡೆದಿದ್ದರು. ನೋಡುವವರಿಗೆ ಹೊಸದರಂತೆಯೇ ಕಾಣುತ್ತಿತ್ತು. ಎರಡನೆಯದು ನಮ್ಮ ಸಲಹೆ. ಡಾಂಬರಿನ ಲೇಪವನ್ನು ಎಣ್ಣೆ ಮೆತ್ತಗಾಗಿಸಿ ಸುಲಿಯಿತು. ಬ್ರೇಕಿನ ರಬ್ಬರು ಕೊಳವೆಗಳೂ ಬುಷ್ಷುಗಳೂ ಉಬ್ಬಿ ಕೆಟ್ಟವು. ಎಣ್ಣೆಗೆ ಧೂಳು ಮೆತ್ತಿ ಕೆಸರಿನ ಗೂಡು ಕಟ್ಟಿತು. ಸುಟ್ಟ ಎಣ್ಣೆಯಲ್ಲಿ ಆಮ್ಲದ ಅಂಶವೂ ಸೇರಿರುತ್ತದೆ, ಬಿಸಿ ಸೈಲೆನ್ಸರಿಗೆ ತಗುಲಿದರೆ ಬೆಂಕಿಯ ಭಯ, ತೊಟ್ಟಿಕ್ಕಿದ್ದು ಬಾವಿಯ ನೀರಿಗೂ ಸೇರಬಹುದು. ನಮ್ಮ ಮಾತನ್ನು ಕೇಳಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ದಯವಿಟ್ಟು ನಿಲ್ಲಿಸಬೇಕೆಂದು ಬೇಡುತ್ತೇವೆ.

ಹಾಗಾದರೆ ಸರಿಯಾದ ಕ್ರಮವೇನು? ಮೇಸ್ತ್ರಿಗಳು ಹೇಳಿದ ಮಾತು ಸರಳವಾಗಿತ್ತು: “ತೊಳೆಯೋದು, ಒಣಗಿಸೋದು, ಉಜ್ಜೋದು ಮುಕ್ಕಾಲು ಕೆಲಸ, ಬಳಿಯೋದು ಕಾಲು.” ಒತ್ತಡದ ನೀರಿನಿಂದ ಚಕ್ರದ ಕಮಾನುಗಳನ್ನೂ ಮಡಿಕೆಗಳನ್ನೂ ಕೆಸರಿನ ಕಣವಿಲ್ಲದಂತೆ ತೊಳೆಯಬೇಕು. ಆಮೇಲೆ ಬೇಸಗೆಯ ಬಿಸಿಲಿನಲ್ಲಿ ಕೆಲವು ದಿನ ನಿಲ್ಲಿಸಿ ಪೂರ್ತಿ ಒಣಗಿಸಬೇಕು. ಸಡಿಲಾದ ತುಕ್ಕನ್ನು, ಎದ್ದ ಲೇಪವನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ತೂತಾದ ಕಡೆ ಪುಟ್ಟಿ ಮೆತ್ತುವುದು ಬಾವಿಯ ಮೇಲೆ ಚಾಪೆ ಹಾಸಿದಂತೆ. ಸತ್ತ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬೆಸುಗೆ ಹಾಕುವುದೊಂದೇ ದಾರಿ.

ಉಜ್ಜಿದರೂ ಗುಂಡಿಗಳಲ್ಲಿ ಉಳಿಯುವ ತುಕ್ಕಿಗೆ ಹಚ್ಚುವ ದ್ರಾವಣಗಳು ಬಣ್ಣದ ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಒಂದು ಬಗೆಯವು ಚೊಗರಿನ ಆಮ್ಲದಿಂದ ಕೆಂಪು ತುಕ್ಕನ್ನು ಗಟ್ಟಿಯಾದ ಕಪ್ಪು ಪದರವಾಗಿ ಮಾರ್ಪಡಿಸುತ್ತವೆ. ಹಸಿ ಅಡಿಕೆ ಸುಲಿಯುವ ಕತ್ತಿ ಕಪ್ಪಾಗುವುದನ್ನು ಕಂಡವರಿಗೆ ಇದು ಹೊಸತಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದ ನಮ್ಮ ಹಿಂದಿನ ಲಿಪಿಕಾರರು ಅರಿತಿದ್ದುದೂ ಇದೇ ಕ್ರಿಯೆ. ಹಾಗೆಂದು ಮನೆಯ ಚೊಗರನ್ನೇ ಕಾರಿಗೆ ಬಳಿಯುವ ಪ್ರಯೋಗ ಬೇಡ. ಒಂದು ಸಲ ಎಣ್ಣೆಯಿಂದ ಪಾಠ ಕಲಿತದ್ದು ಸಾಕು.

ಅದರ ಮೇಲೆ ಪ್ರೈಮರ್. ಶುದ್ಧವಾದ ಬರಿ ತಗಡಿನ ಮೇಲೆ ಸತುವು ಹೆಚ್ಚಾಗಿರುವ ಪ್ರೈಮರ್ ಬಹಳ ಒಳ್ಳೆಯದು. ಗೀರು ಬಿದ್ದಾಗ ಕಬ್ಬಿಣಕ್ಕಿಂತ ಮೊದಲು ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತನ್ನನ್ನು ಸವೆಸಿಕೊಂಡು ಇನ್ನೊಬ್ಬರನ್ನು ಉಳಿಸುವ ಈ ಗುಣ ದಾಸೋಹದ ಮನೆಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಆದರೆ ತುಕ್ಕಿನ ಮೇಲೆ ಬಳಿದರೆ ಅದಕ್ಕೆ ಕಬ್ಬಿಣದ ಸಂಪರ್ಕವೇ ಇರದು, ಕೆಲಸವೂ ನಡೆಯದು. ಪ್ರೈಮರ್ ಒಣಗಿದ ಮೇಲೆ ತಗಡುಗಳು ಕೂಡುವ ಕೀಲುಗಳಿಗೆ ಮುಚ್ಚುಮೇಣ, ಅನಂತರ ಕಲ್ಲೇಟು ತಡೆಯುವ ಲೇಪ. ಡಾಂಬರಿನ ಲೇಪ ಅಗ್ಗ, ಗಟ್ಟಿಯೂ ಹೌದು. ಆದರೆ ವರ್ಷ ಕಳೆದಂತೆ ಬಿರಿಯುತ್ತದೆ, ಬಿರುಕಿನೊಳಗೆ ಹೊಕ್ಕ ನೀರು ಹೊರಬರಲಾರದೆ ಮುಚ್ಚಿದ ಲೇಪದ ಮರೆಯಲ್ಲೇ ತಗಡನ್ನು ತಿನ್ನುತ್ತದೆ. ಮೇಣದ ಲೇಪ ಮೆತ್ತಗೇ ಉಳಿದು ಸಣ್ಣ ಗೀರುಗಳಿಗೆ ತಾನೇ ಹರಿದುಕೊಳ್ಳುತ್ತದೆ. ಆದರೆ ಅದನ್ನು ವರ್ಷವರ್ಷವೂ ನೋಡಿ ಹೊಸದು ಮಾಡಬೇಕು. ಟೊಳ್ಳು ತೊಲೆಗಳ ಒಳಕ್ಕೆ ಉದ್ದ ನಳಿಗೆಯಿಂದ ತೆಳು ಮೇಣವನ್ನು ಸಿಂಪಡಿಸಬೇಕು. ತುಕ್ಕು ಒಳಗಿನಿಂದಲೇ ಹೊರಡುವ ಜಾಗ ಅದು.

ಬಳಿಯಬಾರದ ಕಡೆಗಳೂ ಇವೆ. ಸೈಲೆನ್ಸರ್, ಬ್ರೇಕ್ ಡ್ರಮ್ಮು, ತಿರುಗುವ ಶಾಫ್ಟು, ರಬ್ಬರಿನ ಭಾಗಗಳು ಇವುಗಳಿಗೆ ಲೇಪ ತಗುಲಬಾರದು. ಬಾಗಿಲು ಮತ್ತು ತೊಲೆಗಳ ಅಡಿಯಲ್ಲಿ ನೀರು ಬಸಿಯಲೆಂದು ಬಿಟ್ಟ ಸಣ್ಣ ರಂಧ್ರಗಳನ್ನು ಎಂದಿಗೂ ಮುಚ್ಚಬಾರದು. ಗೌಡರ ಕಾರಿನಲ್ಲಿ ಅವೆಲ್ಲ ಕಪ್ಪು ಲೇಪದಡಿ ಮುಚ್ಚಿಹೋಗಿದ್ದವು. ಮೇಸ್ತ್ರಿಗಳು ತಂತಿಯಿಂದ ಒಂದನ್ನು ಚುಚ್ಚಿದಾಗ ಕೆಂಪು ನೀರು ಲೋಟದಷ್ಟು ಸುರಿಯಿತು. ಮತ್ತೊಂದು ಎಚ್ಚರಿಕೆ: ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡುಗಳ ಆಸರೆ ಇರಲೇಬೇಕು.

ಬ್ರೇಕಿನ ಮಾತನ್ನು ವಿಶೇಷವಾಗಿ ಹೇಳಬೇಕು. ಎಣ್ಣೆಯ ಒತ್ತಡವನ್ನು ಚಕ್ರಗಳಿಗೆ ಒಯ್ಯುವ ಸಣ್ಣ ಉಕ್ಕಿನ ಪೈಪುಗಳು ತಳದ ಉದ್ದಕ್ಕೂ ಹಾಯುತ್ತವೆ. ಹಳೆಯ ಕಾಲದ ಅನೇಕ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾರ್ಗ. ಎಲ್ಲಾದರೂ ಒಂದು ಕಡೆ ತುಕ್ಕು ತಿಂದು ಒಡೆದರೆ ನಾಲ್ಕೂ ಹೋದಂತೆ. ಆ ದಿನ ಆದದ್ದು ಇದೇ. ಆದುದರಿಂದ ಜೀರ್ಣೋದ್ಧಾರ ಮಾಡಿಸುವವರು ಬಣ್ಣಕ್ಕೆ ಹಣ ತೆಗೆದಿಡುವ ಮೊದಲು ಈ ಪೈಪುಗಳಿಗೆ ತೆಗೆದಿಡಬೇಕು.

ಕಾನೂನಿನ ದೃಷ್ಟಿಯಿಂದಲೂ ಒಂದು ಮಾತಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳಿಗೆ ಪಾರಂಪರಿಕ ವಾಹನವೆಂದು ಪ್ರತ್ಯೇಕ ನೋಂದಣಿ ನೀಡುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಒಂದು ಷರತ್ತು. ಮೂಲ ತಗಡನ್ನು ತುಕ್ಕಿಗೆ ಬಿಟ್ಟು ಆಮೇಲೆ ಮೈಯನ್ನೇ ಬದಲಿಸಹೊರಟರೆ ಉಳಿಸಬೇಕೆಂದದ್ದೇ ಉಳಿಯದು.

ನಮ್ಮ ಸೀಮೆಯ ಗೃಹಸ್ಥರಿಗೆ ಇದರ ಕಾಲಕ್ರಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮೃಗಶಿರಾ ಮಳೆಗೆ ಮೊದಲೇ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದವರು ನಾವು. ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವುದಾಗಲಿ, ಔಷಧಿ ಹೊಡೆಯುವುದಾಗಲಿ ರೋಗ ಬಂದ ಮೇಲೆ ಮಾಡುವ ಕೆಲಸವಲ್ಲವೆಂದು ಬಲ್ಲವರು. ಹಾಗೆಯೇ ಮೇ ತಿಂಗಳಲ್ಲಿ ತಳವನ್ನು ನೋಡಿ ಲೇಪವನ್ನು ಸರಿಪಡಿಸುವುದು. ಆರಿದ್ರಾ, ಪುಷ್ಯಾ ಮಳೆಗಳಲ್ಲಿ ಓಡಿಸಿದ್ದರೆ ಕೆಸರು ಒಣಗುವ ಮುನ್ನ ಸಿಹಿನೀರಿನಿಂದ ತಳ ತೊಳೆಯುವುದು. ಕಡಲ ತೀರದಿಂದ ಬಂದರೆ ಅಂದೇ ತೊಳೆಯುವುದು. ನಿಲ್ಲಿಸುವ ಮಾಡಿನ ನೆಲ ಒಣಗಿರಲಿ, ಗಾಳಿಯಾಡಲಿ. ಪ್ಲಾಸ್ಟಿಕ್ ಹೊದಿಕೆ ಬಿಗಿದು ಕಟ್ಟಿದರೆ ಒಳಗೆ ತೇವ ಸೆರೆಯಾಗುತ್ತದೆ. ಕಾಲಡಿಯ ಹಾಸು ಒದ್ದೆಯಾಗಿದ್ದರೆ ಎತ್ತಿ ಒಣಗಿಸುವುದು. ಗೊಬ್ಬರ, ಮೈಲುತುತ್ತಗಳಿಗೆ ಬೇರೆ ಗಾಡಿ.

ಶರಣರು ಅಂತರಂಗ ಬಹಿರಂಗಗಳೆರಡರ ಶುದ್ಧಿಯನ್ನೂ ಕೇಳಿದರು. ಅದನ್ನು ನಾವು ವೇದಿಕೆಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ, ಚಪ್ಪಾಳೆಯನ್ನೂ ಪಡೆದಿದ್ದೇವೆ. ಆದರೆ ತುಕ್ಕಿನ ಮೇಲೆ ಬಳಿದ ಕಪ್ಪು ಲೇಪವನ್ನು ಕಂಡ ದಿನ ಆ ಮಾತು ನಮಗೆ ಬೇರೆ ಬಗೆಯಲ್ಲಿ ತಿಳಿಯಿತು. ಕಾರ್ಯಾಗಾರದವರು ಮಾಡದೆ ಬಿಟ್ಟದ್ದು, ನಾವು ತಿಳಿಯದೆ ಹೇಳಿದ್ದು, ಗೌಡರು ನೋಡದೆ ನಂಬಿದ್ದು ಎಲ್ಲವೂ ಕಾಯಕದಲ್ಲಿ ಬಂದ ಲೋಪಗಳೇ. ಯಾರೂ ನೋಡದ ಕಡೆಯಲ್ಲಿ ಕೆಲಸ ಹೇಗೆ ನಡೆದಿದೆ ಎಂಬುದರಲ್ಲಿಯೇ ಕಾಯಕದ ಸತ್ಯ ಇರುತ್ತದೆ. ಆ ವೃದ್ಧ ಮೇಸ್ತ್ರಿಗಳು ಮತ್ತೆ ಮುಚ್ಚಿಹೋಗಲಿರುವ ಟೊಳ್ಳು ತೊಲೆಯ ಒಳಗನ್ನು ಮಗುವಿನ ಕಿವಿ ತೊಳೆದಂತೆ ಶುಚಿ ಮಾಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು.

ಗೌಡರ ಕಾರು ಈಗ ಮತ್ತೆ ಓಡುತ್ತಿದೆ. ಬ್ರೇಕ್ ಪೈಪುಗಳು ಹೊಸವು, ತಳದ ಅರ್ಧ ತಗಡೂ ಹೊಸದು. ಕಳೆದ ಆಯುಧಪೂಜೆಗೆ ಹೋದಾಗ ಅವರು ಆರತಿಗೆ ಮೊದಲು ಒಂದು ಹಳೆಯ ಗೋಣಿಯನ್ನು ಹಾಸಿ ನಗುತ್ತ ನಿಂತಿದ್ದರು. ನಾವು ಶಾಲನ್ನು ಬದಿಗಿಟ್ಟು, ಮಂಡಿಯೂರಿ, ಟಾರ್ಚು ಹಿಡಿದು ನೋಡಿದೆವು. ಮಳೆಗಾಲ ಮುಗಿದ ಹೊತ್ತಿಗೆ ಬರುವ ಹಬ್ಬ ಅದು. ನಾಲ್ಕು ತಿಂಗಳ ಮಳೆ ಏನು ಮಾಡಿದೆಯೆಂದು ನೋಡಲು ಅದಕ್ಕಿಂತ ತಕ್ಕ ದಿನವಿಲ್ಲ. ಎಡ ಹಿಂಚಕ್ರದ ಕಮಾನಿನಲ್ಲಿ ಒಂದು ಕಲ್ಲೇಟಿನ ಗುರುತು, ಕಾಸಿನಷ್ಟಗಲ ಕೆಂಪು. ತೋರಿಸಿದೆವು. “ನಾಳೆಯೇ ಸರಿ ಮಾಡಿಸ್ತೇನೆ ಅಯ್ನೋರೇ” ಎಂದರು. ಆಮೇಲೆ ಪೂಜೆ ಆಯಿತು.

ಈ ವರ್ಷ ನಿಮ್ಮ ಮನೆಯಂಗಳದಲ್ಲಿಯೂ ಚಕ್ರದಡಿಗೆ ನಿಂಬೆಹಣ್ಣಿಡಲು ಬಗ್ಗಿದಾಗ ಇನ್ನೊಂದು ಗೇಣು ಬಗ್ಗಿ ಒಳಗೆ ನೋಡಿರೆಂದು ನಮ್ಮ ಬಿನ್ನಹ.